ಅಗ್ನಿಶಾಮಕರ ನಿವೃತ್ತಿ ನಿಯಮ: ವರ್ತಕರು ಕೇಳಬೇಕಾದ ಪ್ರಶ್ನೆ

2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಡೆದ ಘಟನೆಯನ್ನು ನಮ್ಮ ಜಿಲ್ಲೆಯ ವರ್ತಕ ಸಮುದಾಯ ಇನ್ನೂ ಮರೆತಿಲ್ಲ. ದರ ಕುಸಿತದಿಂದ ಕೆರಳಿದ ಬೆಳೆಗಾರರ ಗುಂಪು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು; ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲೆಂದು ಬಂದ ಅಗ್ನಿಶಾಮಕ ವಾಹನವೂ ಆ ಆಕ್ರೋಶಕ್ಕೆ ಗುರಿಯಾಯಿತು. ಆನಂತರ ಟೆಂಡರ್ ಪದ್ಧತಿಯ ಬಗ್ಗೆ, ದರದ ಏರಿಳಿತದ ಬಗ್ಗೆ, ಪ್ರಾಂಗಣದ ಭದ್ರತೆಯ ಬಗ್ಗೆ ಸಾಕಷ್ಟು ಮಾತು ನಡೆಯಿತು. ಅವೆಲ್ಲವೂ ಅಗತ್ಯವಾದ ಮಾತುಗಳೇ. ಆದರೆ ಆ ಕೆಂಪು ವಾಹನದಲ್ಲಿ ಕುಳಿತು ಬಂದವರು ಯಾರು, ಅವರ ವಯಸ್ಸೆಷ್ಟು, ಆ ದಿನ ಅವರಲ್ಲೊಬ್ಬರಿಗೆ ಶಾಶ್ವತವಾದ ಊನವಾಗಿದ್ದರೆ ಅವರ ನೌಕರಿಯ ಗತಿಯೇನಾಗುತ್ತಿತ್ತು ಎಂಬುದನ್ನು ನಮ್ಮ ಯಾವ ಸಭೆಯಲ್ಲೂ ಯಾರೂ ಕೇಳಿದಂತೆ ಕಾಣಲಿಲ್ಲ.

ಅದಕ್ಕೂ ಆರು ತಿಂಗಳ ಹಿಂದೆ, 2023ರ ಆಗಸ್ಟ್ 29ರಂದು, ಹಾವೇರಿಗೆ ಹೊಂದಿಕೊಂಡ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ತಗುಲಿ ನಾಲ್ವರು ಕಾರ್ಮಿಕರು ಅಸುನೀಗಿದರು. ಒಳಗೆ ಸಿಡಿಯುತ್ತಿರುವ ಸರಕು, ಹೊರಗೆ ಕಾಯುತ್ತಿರುವ ಬಂಧುಗಳು. ಇವುಗಳ ನಡುವೆ ನೀರಿನ ಕೊಳವೆ ಹಿಡಿದು ನಿಲ್ಲಬೇಕಾದವರು ಅದೇ ಇಲಾಖೆಯವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ದುರಂತ ಸಂಭವಿಸಿದಾಗ ರಾಜ್ಯದ ಗಮನವೆಲ್ಲ ಅತ್ತ ಹೊರಳಿತು. ಆಲದಕಟ್ಟಿ ನಮ್ಮ ಜಿಲ್ಲೆಯ ನೆನಪಾಗಿಯೇ ಉಳಿಯಿತು.

ಮೊದಲು ನಿಯಮವೇನೆಂಬುದನ್ನು ನೋಡೋಣ. ಮುಂಬಯಿಯಂತಹ ನಗರಗಳಲ್ಲಿ ಅಗ್ನಿಶಾಮಕ ದಳ ನಗರಪಾಲಿಕೆಯದು. ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೆರಡನೇ ಅನುಸೂಚಿಯೂ ಅಗ್ನಿಶಾಮಕ ಸೇವೆಯನ್ನು ನಗರಾಡಳಿತ ಸಂಸ್ಥೆಗಳ ಕಾರ್ಯಗಳ ಪಟ್ಟಿಯಲ್ಲಿ ಇರಿಸಿದೆ. ಕರ್ನಾಟಕದಲ್ಲಿ ಮಾತ್ರ ಅದು ರಾಜ್ಯ ಸರ್ಕಾರದ ಇಲಾಖೆ. 1964ರ ಕಾಯ್ದೆಯ ಅಡಿಯಲ್ಲಿ ನಡೆಯುವ ದಳ. ಹೀಗಾಗಿ ಹಾವೇರಿ, ರಾಣೆಬೆನ್ನೂರು ನಗರಸಭೆಗಳಾಗಲಿ ಬ್ಯಾಡಗಿ ಪುರಸಭೆಯಾಗಲಿ ಈ ಸಿಬ್ಬಂದಿಯ ಸೇವಾ ನಿಯಮಗಳನ್ನು ಬದಲಿಸಲಾರವು. ಅಗ್ನಿಶಾಮಕ, ಪ್ರಮುಖ ಅಗ್ನಿಶಾಮಕ, ಚಾಲಕ, ಠಾಣಾಧಿಕಾರಿ ಇವರೆಲ್ಲರೂ ರಾಜ್ಯ ಸರ್ಕಾರಿ ನೌಕರರು. ತಾಲ್ಲೂಕು ಕಚೇರಿಯ ಗುಮಾಸ್ತರಿಗೆ, ಖಜಾನೆಯ ಲೆಕ್ಕಿಗರಿಗೆ ಯಾವ ನಿವೃತ್ತಿ ವಯಸ್ಸೋ ಇವರಿಗೂ ಅದೇ. 2008ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ಲೇಖನಿ ಹಿಡಿಯುವ ಕೈಗೂ ಕೊಳವೆ ಹಿಡಿಯುವ ಕೈಗೂ ಒಂದೇ ಆದೇಶ ಅನ್ವಯವಾಯಿತು. ಆ ಏರಿಕೆಯನ್ನು ನೌಕರ ವರ್ಗ ಸಂತೋಷದಿಂದಲೇ ಸ್ವಾಗತಿಸಿತು, ಅದು ಸಹಜ. ಎರಡು ವರ್ಷದ ಪೂರ್ಣ ಸಂಬಳವನ್ನು ಯಾರು ಬೇಡವೆನ್ನುತ್ತಾರೆ?

ಆದರೆ ಐವತ್ತೆಂಟು ವರ್ಷದ ವ್ಯಕ್ತಿಯೊಬ್ಬನಿಂದ ಈ ಕೆಲಸ ಏನನ್ನು ಅಪೇಕ್ಷಿಸುತ್ತದೆ ಎಂಬುದನ್ನು ಅರಿಯಲು ನಮ್ಮ ವ್ಯಾಪಾರದ ಸರಕನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಒಂದೇ ಸಂತೆಗೆ ಲಕ್ಷಗಟ್ಟಲೆ ಚೀಲಗಳ ಆವಕವಿರುತ್ತದೆ. ಒಣಗಿದ ಕಾಯಿ, ಎಣ್ಣೆಯಂಶವುಳ್ಳ ಬೀಜ, ಅದರ ಸುತ್ತ ಸೆಣಬಿನ ಚೀಲ. ಒಟ್ಟಿದ ರಾಶಿಗೆ ಬೆಂಕಿ ತಾಗಿದರೆ ಅದು ಬಹುಮಟ್ಟಿಗೆ ಒಳಗೊಳಗೇ ಬೇಯುತ್ತದೆ. ಮೇಲಿನಿಂದ ನೀರು ಸುರಿದರೆ ಜ್ವಾಲೆ ಅಡಗಬಹುದು, ಕಾವು ಅಡಗುವುದಿಲ್ಲ. ಒಂದೊಂದು ಚೀಲವನ್ನೂ ಎಳೆದು, ಬಿಡಿಸಿ, ಕೆದಕಿ ಆರಿಸಬೇಕು. ಅದರ ಹೊಗೆಯ ವಿಚಾರವನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಬ್ಯಾಡಗಿ ಕಡ್ಡಿ ಬಣ್ಣಕ್ಕೆ ಹೆಸರಾದದ್ದು, ಖಾರದಲ್ಲಿ ಗುಂಟೂರಿಗಿಂತ ಸೌಮ್ಯ ಎನ್ನುವುದು ಅಡುಗೆಮನೆಯ ಮಟ್ಟಿಗೆ ನಿಜ. ಗೋದಾಮು ಉರಿಯುವಾಗ ಆ ಸೌಮ್ಯತೆ ಯಾರ ಗಂಟಲಿಗೂ ಅರಿವಾಗುವುದಿಲ್ಲ. ಉಸಿರಾಟದ ಸಾಧನವಿಲ್ಲದೆ ಅಲ್ಲಿ ನಿಲ್ಲಲು ಸಾಧ್ಯವಿಲ್ಲ. ಆ ಸಾಧನವೇ ಹತ್ತು ಕಿಲೋಗೂ ಮಿಕ್ಕ ಭಾರ. ಸಿಲಿಂಡರಿನ ಗಾಳಿ ಅರ್ಧ ಮುಕ್ಕಾಲು ಗಂಟೆಯ ಲೆಕ್ಕದ್ದು. ಏದುಸಿರು ಬಿಡುವವನಿಗೆ ಇನ್ನೂ ಬೇಗ ಮುಗಿಯುತ್ತದೆ.

ರಾಣೆಬೆನ್ನೂರಿನ ಅರಳೆಯ ಕಥೆ ಇದಕ್ಕಿಂತ ಭಿನ್ನವಲ್ಲ. ಒತ್ತಿ ಕಟ್ಟಿದ ಬೇಲಿನೊಳಗೆ ಕಿಡಿ ಸೇರಿದರೆ ಆರಿತೆಂದು ಬಿಟ್ಟುಬಂದ ಮೇಲೂ ಮತ್ತೆ ಹೊತ್ತಿಕೊಳ್ಳುವುದನ್ನು ಜಿನ್ನಿಂಗ್ ಕಾರ್ಖಾನೆ ನಡೆಸಿದವರು ಬಲ್ಲರು. ಈ ಕೆಲಸಕ್ಕೆ ಬಳಸುವ 63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಒಂದು ಕೊಳವೆಯಲ್ಲಿ ನೀರು ತುಂಬಿದಾಗ ಆ ನೀರಿನ ತೂಕವೇ 46 ಕಿಲೋದಷ್ಟಾಗುತ್ತದೆ. ಅದೂ ಸುಮ್ಮನೆ ಬಿದ್ದಿರುವ ಭಾರವಲ್ಲ, ಒತ್ತಡದಿಂದ ಹಿಂದಕ್ಕೆ ತಳ್ಳುವ ಭಾರ.

ನಮ್ಮ ಪ್ರಾಂಗಣಗಳ ಹಮಾಲರನ್ನು ಒಮ್ಮೆ ನೆನೆಯೋಣ. ಮೂವತ್ತು ವರ್ಷ ಬೆನ್ನ ಮೇಲೆ ಚೀಲ ಹೊತ್ತವನಿಗೆ ಐವತ್ತು ದಾಟಿದ ಮೇಲೆ ನಾವಾಗಿಯೇ ಲಾರಿಯ ಕೆಲಸ ಹೇಳುವುದಿಲ್ಲ. ತೂಕದ ಬಳಿ ನಿಲ್ಲಿಸುತ್ತೇವೆ, ಚೀಲ ಹೊಲಿಯಲು ಕೂರಿಸುತ್ತೇವೆ, ರಾಶಿಯ ಕಾವಲಿಗೆ ಹಾಕುತ್ತೇವೆ. ಯಾವ ಕಾನೂನೂ ನಮಗೆ ಇದನ್ನು ಕಲಿಸಲಿಲ್ಲ. ಯಾರ ಮೊಣಕಾಲು ಎಷ್ಟು ಹೊರುತ್ತದೆಂಬುದು ಅಡತಿ ಅಂಗಡಿಯ ಮಾಲೀಕನಿಗೆ ಗೊತ್ತು. ಸರ್ಕಾರದ ಸೇವಾ ನಿಯಮಗಳಲ್ಲಿ ಅಗ್ನಿಶಾಮಕನ ವಿಷಯದಲ್ಲಿ ಇಷ್ಟು ಸರಳವಾದ ವಿವೇಕಕ್ಕೆ ಸ್ಥಳ ದೊರೆತಿಲ್ಲ.

ವಯಸ್ಸಿನ ಜೊತೆಗೆ ರೋಗದ ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್ ಉಂಟುಮಾಡುವ ಅಂಶಗಳ ಮೊದಲ ವರ್ಗಕ್ಕೆ ಸೇರಿಸಿತು. ಅದಕ್ಕೆ ಮುನ್ನ ಅದು ಬರಿಯ ಸಂಶಯದ ಪಟ್ಟಿಯಲ್ಲಿತ್ತು. ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ಸಾಯುವವರ ಪ್ರಮಾಣ ಈ ವೃತ್ತಿಯಲ್ಲಿ ಹೆಚ್ಚೆಂಬುದು ಅಮೆರಿಕದ ಅಂಕಿ ಅಂಶಗಳಿಂದ ಬಹಳ ಹಿಂದೆಯೇ ಸ್ಪಷ್ಟವಾಗಿದೆ. ಆದ್ದರಿಂದ 60 ಎಂಬುದು ಎಲ್ಲರಿಗೂ ಒಂದೇ ಅಂಕೆಯಾಗಿ ಕಂಡರೂ, ಆ ಅಂಕೆಯನ್ನು ತಲುಪುವ ದೇಹ ಒಂದೇ ಬಗೆಯದಲ್ಲ.

ಹಾಗಾದರೆ ಈ ನೌಕರನಿಗೆ ಯಾವ ರಕ್ಷಣೆಯೂ ಇಲ್ಲವೇ? ಇದೆ. ಸಂವಿಧಾನದ 311ನೇ ವಿಧಿಯಂತೆ ವಿಚಾರಣೆಯಿಲ್ಲದೆ ಅವನನ್ನು ವಜಾ ಮಾಡುವಂತಿಲ್ಲ. ಕರ್ತವ್ಯದಲ್ಲಿ ಮಡಿದರೆ 1996ರ ಅನುಕಂಪದ ನೇಮಕಾತಿ ನಿಯಮಗಳಂತೆ ಕುಟುಂಬದ ಒಬ್ಬರು ನೌಕರಿ ಕೋರಬಹುದು. ಅಂಗಹೀನನಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಪ್ರಕರಣ ಬಲವಾದ ಆಸರೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದ ನೌಕರನನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ; ಆ ಹುದ್ದೆಗೆ ಅವನು ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೊಂದು ಹುದ್ದೆಗೆ ವರ್ಗಾಯಿಸಬೇಕು; ಅಂತಹ ಹುದ್ದೆ ಇಲ್ಲವಾದರೆ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯನ್ನೇ ಸೃಷ್ಟಿಸಿ ಉಳಿಸಿಕೊಳ್ಳಬೇಕು. ಇದಕ್ಕೆ ಹಿಂದಿನ 1995ರ ಕಾಯ್ದೆಯಲ್ಲಿಯೂ ಇಂತಹದೇ ವಿಧಿಯಿತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಅಶಕ್ತರೆಂದು ಮನೆಗೆ ಕಳುಹಿಸಿದ ಕುನಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಅದನ್ನು ಎತ್ತಿಹಿಡಿಯಿತು.

ಈ ಕಾಯ್ದೆ ಒಳ್ಳೆಯದು. ಆದರೆ ಅದು ಕಾಪಾಡುವುದು ಪೆಟ್ಟು ತಿಂದವನನ್ನು, ಸವೆದವನನ್ನಲ್ಲ. ಗೋಡೆ ಕುಸಿದು ಕಾಲು ಕಳೆದುಕೊಂಡರೆ ಪ್ರಮಾಣಪತ್ರ ದೊರೆಯುತ್ತದೆ. ಇಪ್ಪತ್ತೈದು ವರ್ಷ ಹೊಗೆ ಕುಡಿದು ಉಸಿರು ಗಿಡ್ಡವಾದರೆ, ಮೊಣಕಾಲು ಏಣಿಯನ್ನು ಒಪ್ಪದಂತಾದರೆ, ಸೊಂಟ ಬಗ್ಗದಂತಾದರೆ ಯಾವ ಪ್ರಮಾಣಪತ್ರ? ಅವನು ಅಂಗವಿಕಲನಲ್ಲ, ರೋಗಿಯೂ ಅಲ್ಲ. ವಯಸ್ಸಾದ ಅಗ್ನಿಶಾಮಕ, ಅಷ್ಟೆ. ಕಡತದ ದೃಷ್ಟಿಯಲ್ಲಿ ಅವನು ಪೂರ್ಣ ಸಮರ್ಥ. ಇತ್ತ ಸಾರ್ವಜನಿಕ ಹಿತದೃಷ್ಟಿಯಿಂದ ನೌಕರನನ್ನು ಅವಧಿಗೆ ಮುನ್ನವೇ ನಿವೃತ್ತಿಗೊಳಿಸುವ ಅಧಿಕಾರವೂ ಸರ್ಕಾರದ ಕೈಯಲ್ಲಿದೆ. ಆ ಅಧಿಕಾರವನ್ನು ಬಳಸುವುದು ವಿರಳವಾದರೂ ಅದರ ನೆರಳು ಸಣ್ಣದಲ್ಲ. ಇಂತಹ ಸ್ಥಿತಿಯಲ್ಲಿ ಬುದ್ಧಿವಂತನಾದವನು ಏನು ಮಾಡುತ್ತಾನೆ? ನೋವನ್ನು ಮುಚ್ಚಿಡುತ್ತಾನೆ. ಸಾಲ ಮಾಡಿದ ವರ್ತಕ ತನ್ನ ನಷ್ಟವನ್ನು ಬ್ಯಾಂಕಿನವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಹಾಗೆ, ತನ್ನ ಏದುಸಿರನ್ನು ಠಾಣಾಧಿಕಾರಿಗೆ ಕೇಳಿಸದಂತೆ ನೋಡಿಕೊಳ್ಳುತ್ತಾನೆ. ಅದರ ಪರಿಣಾಮ ಬೆಳಕಿಗೆ ಬರುವುದು ಬೆಂಕಿ ಬಿದ್ದ ರಾತ್ರಿ. ಆಗ ಅಪಾಯ ಅವನೊಬ್ಬನದಲ್ಲ. ಅವನ ಹಿಂದೆ ಕೊಳವೆ ಹಿಡಿದ ಇಪ್ಪತ್ತೈದರ ಹುಡುಗನದೂ ಹೌದು, ಒಳಗೆ ಸಿಕ್ಕಿಕೊಂಡ ನಮ್ಮ ಹಮಾಲನದೂ ಹೌದು.

ಈ ಸಮಸ್ಯೆಗೆ ಥಟ್ಟನೆ ಹೊಳೆಯುವ ಉತ್ತರ, ಅಗ್ನಿಶಾಮಕರ ನಿವೃತ್ತಿ ವಯಸ್ಸನ್ನು 55ಕ್ಕೆ ಇಳಿಸುವುದು. ನಿವೃತ್ತಿ ವಯಸ್ಸು ಸರ್ಕಾರದ ನೀತಿಗೆ ಬಿಟ್ಟ ವಿಷಯವೆಂದು ನ್ಯಾಯಾಲಯಗಳು ಒಪ್ಪಿವೆ. ಆಂಧ್ರ ಪ್ರದೇಶ ಸರ್ಕಾರ 1983ರಲ್ಲಿ ತನ್ನ ಎಲ್ಲ ನೌಕರರ ವಯೋಮಿತಿಯನ್ನು 58ರಿಂದ 55ಕ್ಕೆ ಇಳಿಸಿದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಲಿಲ್ಲ. ಕಾನೂನಿನ ತೊಡಕು ದೊಡ್ಡದಲ್ಲ. ಆದರೂ ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಕಾರಣ ಪಿಂಚಣಿ.

2006ರ ಏಪ್ರಿಲ್ 1ರಂದು ಅಥವಾ ಅದರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ವಂತಿಗೆ ಆಧಾರಿತ ಹೊಸ ಯೋಜನೆಯೊಂದೇ ಅವರಿಗೆ ಅನ್ವಯಿಸುವಂತೆ ಮಾಡಲಾಯಿತು. ಆ ದಿನಾಂಕಕ್ಕೆ ಮುನ್ನ ಹೊರಟ ಅಧಿಸೂಚನೆಗಳ ಮೂಲಕ ಆಯ್ಕೆಯಾಗಿ ತಡವಾಗಿ ಸೇರಿದ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಯೋಜನೆಯನ್ನು ವಿಸ್ತರಿಸಲಾಯಿತು. ಉಳಿದವರು ಆ ವಿಸ್ತರಣೆಯ ಹೊರಗೇ ಉಳಿದರು. ವಂತಿಗೆಯ ಯೋಜನೆಯಲ್ಲಿ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯದ ಶೇಕಡಾ 10 ಭಾಗ ಅವನಿಂದ, ಶೇಕಡಾ 14 ಭಾಗ ಸರ್ಕಾರದಿಂದ ಜಮೆಯಾಗುತ್ತದೆ. ಕೊನೆಗೆ ಕೂಡಿದ ಮೊತ್ತವೇ ವೃದ್ಧಾಪ್ಯದ ಆಧಾರ. ಚಕ್ರಬಡ್ಡಿಯ ಲೆಕ್ಕ ವರ್ತಕರಿಗೆ ಹೊಸದಲ್ಲ. ಇಂತಹ ಗಂಟು ಬೆಳೆಯುವುದೇ ಕೊನೆಯ ವರ್ಷಗಳಲ್ಲಿ. ಸಂಬಳವೂ ಆಗಲೇ ಹೆಚ್ಚು, ವಂತಿಗೆಯೂ ಆಗಲೇ ಹೆಚ್ಚು. ಐದು ವರ್ಷ ಮೊದಲೇ ಮನೆಗೆ ಕಳುಹಿಸಿದರೆ ಅವನು ಕಳೆದುಕೊಳ್ಳುವುದು ಐದು ವರ್ಷದ ಸಂಬಳವನ್ನಷ್ಟೇ ಅಲ್ಲ, ಗಂಟಿನ ಅತ್ಯಂತ ಫಲವತ್ತಾದ ಭಾಗವನ್ನು. ಅದೂ ಮಕ್ಕಳ ಓದು, ಮದುವೆ ಎದುರಿಗಿರುವ ವಯಸ್ಸಿನಲ್ಲಿ. 2006ರ ನಂತರ ಇಪ್ಪತ್ತರ ಹರೆಯದಲ್ಲಿ ಸೇರಿದ ಮೊದಲ ತಂಡದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಇನ್ನು ಹತ್ತು ವರ್ಷದಲ್ಲಿ ನಮ್ಮ ಮೂರೂ ಊರುಗಳ ಠಾಣೆಗಳ ಹಿರಿಯರು ಅವರೇ ಆಗಿರುತ್ತಾರೆ. ವಿಷಯವನ್ನು ಈಗಲೇ ಎತ್ತಬೇಕೆನ್ನುವುದು ಇದಕ್ಕಾಗಿ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಕೇಂದ್ರ ಸರ್ಕಾರ ತನ್ನ ಅಗ್ನಿಶಾಮಕರನ್ನು, ಇಪ್ಪತ್ತು ವರ್ಷದ ಸೇವೆ ಪೂರ್ಣಗೊಂಡಿದ್ದರೆ, 57ಕ್ಕೆ ಕಡ್ಡಾಯವಾಗಿ ನಿವೃತ್ತಿಗೊಳಿಸುತ್ತದೆ. ಆದರೆ ಅದಕ್ಕೆ ಬದಲಾಗಿ ಇತರ ನೌಕರರಿಗಿಂತ ಹೆಚ್ಚಿನ ದರದಲ್ಲಿ ಪಿಂಚಣಿ ಲೆಕ್ಕ ಹಾಕುತ್ತದೆ. ಬೇಗ ಕಳುಹಿಸುವವನು ಬೆಲೆಯನ್ನೂ ತೆರುತ್ತಾನೆ. ಇಂಗ್ಲೆಂಡಿನಲ್ಲಿ ಇದಕ್ಕೆ ವಿರುದ್ಧವಾಗಿ 2015ರ ಹೊಸ ಯೋಜನೆಯಲ್ಲಿ ಪಿಂಚಣಿಯ ವಯಸ್ಸನ್ನು 60ಕ್ಕೆ ಏರಿಸಲಾಯಿತು. ಅದಕ್ಕೆ ಮುನ್ನ 2013ರಿಂದಲೇ ಅಲ್ಲಿನ ಅಗ್ನಿಶಾಮಕರು ಮತ್ತೆ ಮತ್ತೆ ಮುಷ್ಕರ ಹೂಡಿದ್ದರು. ಐವತ್ತೈದು ದಾಟಿ ದೈಹಿಕ ಪರೀಕ್ಷೆಯಲ್ಲಿ ಸೋತವನಿಗೆ ಅತ್ತ ನೌಕರಿಯೂ ಇಲ್ಲ, ಇತ್ತ ಪಿಂಚಣಿಯೂ ಇಲ್ಲ ಎಂಬ ಭಯವೇ ಅವರ ಮುಖ್ಯ ವಾದ. ನಮ್ಮ ದೇಶದಲ್ಲಿ ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮೊದಲಾದವುಗಳಲ್ಲಿ ಕಮಾಂಡೆಂಟ್ ದರ್ಜೆಯವರೆಗೆ 57, ಅದಕ್ಕೆ ಮೇಲ್ಪಟ್ಟವರಿಗೆ 60 ಎಂಬ ಭೇದವಿತ್ತು. ದೆಹಲಿ ಉಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಅದನ್ನು ತಾರತಮ್ಯವೆಂದು ಕರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಲ್ಲರಿಗೂ 60 ಎಂದು ಆದೇಶವಾಯಿತು. ಗಡಿ ಕಾಯುವವರೇ 60ರವರೆಗೆ ದುಡಿಯುವ ಹಕ್ಕನ್ನು ಹೋರಾಡಿ ಪಡೆದಿರುವಾಗ ಅಗ್ನಿಶಾಮಕರಿಗೆ ಮಾತ್ರ ‘ನಿಮ್ಮ ಒಳಿತಿಗಾಗಿ’ ಎಂದು 55 ಹೇಳಿದರೆ ಅವರು ಒಪ್ಪುವರೇ? ಒಪ್ಪಬೇಕಾಗಿಯೂ ಇಲ್ಲ.

ಆದ್ದರಿಂದ ನಾವು ಮುಂದಿಡುವ ಸಲಹೆ ಬೇರೆ. ನಿವೃತ್ತಿ ವಯಸ್ಸು 60 ಇರಲಿ. ಬೆಂಕಿಯ ಮುಂದೆ ನಿಲ್ಲುವ ವಯಸ್ಸಿಗೆ ಮಾತ್ರ ಒಂದು ಮಿತಿ ಇರಲಿ. ಐವತ್ತು ತುಂಬಿದ ಪ್ರತಿಯೊಬ್ಬ ಅಗ್ನಿಶಾಮಕನಿಗೂ ಇಲಾಖೆಯ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಶ್ವಾಸಕೋಶ, ಹೃದಯ, ಕೀಲುಗಳ ತಪಾಸಣೆ ನಡೆಯಲಿ. ಅದರಲ್ಲಿ ಹಿಂದೆ ಬಿದ್ದವರು ಕೂಡಲೇ, ಉಳಿದವರು 55ಕ್ಕೆ, ಅದೇ ವೇತನ, ಅದೇ ದರ್ಜೆ, ಅದೇ ಜ್ಯೇಷ್ಠತೆಯೊಂದಿಗೆ ತಡೆ ಮತ್ತು ತಪಾಸಣೆಯ ಕೆಲಸಕ್ಕೆ ಹೋಗಲಿ. ಅಂಗವಿಕಲರ ಕಾಯ್ದೆಯ 20ನೇ ಪ್ರಕರಣ ಪೆಟ್ಟು ತಿಂದವನಿಗೆ ಈಗಾಗಲೇ ಕೊಟ್ಟಿರುವುದನ್ನೇ ಸವೆದವನಿಗೂ ಕೊಡಬೇಕೆಂದಷ್ಟೇ ಇದರ ಅರ್ಥ. ಅವರು ತೆರವು ಮಾಡಿದ ಸ್ಥಾನಕ್ಕೆ ಹೊಸಬರ ನೇಮಕವಾಗಬೇಕು ಎಂಬುದು ಇದರ ಅವಿಭಾಜ್ಯ ಭಾಗ. ಹಿರಿಯರನ್ನು ಕಾಗದದ ಮೇಲೆ ವರ್ಗಾಯಿಸಿ ವಾಹನದಲ್ಲಿ ಮೂರು ಮಂದಿಯನ್ನಷ್ಟೇ ಕಳುಹಿಸುವುದಾದರೆ ಈ ಸುಧಾರಣೆಯೇ ಬೇಡ.

ಅವರಿಗೆ ಮಾಡಲು ಕೆಲಸವಿದೆಯೇ ಎಂದು ಕೇಳುವವರು ಒಮ್ಮೆ ನಮ್ಮ ಗೋದಾಮುಗಳ ಸಾಲಿನಲ್ಲಿ ನಡೆದುಬರಬೇಕು. ಅಗ್ನಿ ಸುರಕ್ಷತೆಯ ನಿಯಮಗಳ ಕಣ್ಣು ಬಹುತೇಕ ಎತ್ತರದ ಕಟ್ಟಡಗಳ ಮೇಲಿದೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತ ಮೇಲೆ ಅದು ಮತ್ತಷ್ಟು ಹೆಚ್ಚಿತು. ನಮ್ಮ ಊರುಗಳ ಅಪಾಯ ಎತ್ತರದಲ್ಲಿಲ್ಲ, ಅಗಲದಲ್ಲಿದೆ. ತಗಡಿನ ಮಾಡು, ಒಂದೇ ಬಾಗಿಲು, ಮಾಡಿನವರೆಗೆ ಒಟ್ಟಿದ ಚೀಲ, ಅದರ ನಡುವೆ ಹಾದುಹೋದ ಹಳೆಯ ವಿದ್ಯುತ್ ತಂತಿ. ಇಂತಹ ಮಳಿಗೆಗಳು ಮೂರೂ ಊರುಗಳಲ್ಲಿ ಕಣ್ಣಿಗೆ ಬೀಳುತ್ತವೆ. ಶೀತಲಗೃಹಗಳಲ್ಲಿ ಅಮೋನಿಯಾ ಇದೆ. ಎಣ್ಣೆ ಗಿರಣಿ, ಜಿನ್ನಿಂಗ್ ಕಾರ್ಖಾನೆ, ಖಾರಪುಡಿ ಘಟಕ, ಹಬ್ಬದ ಕಾಲದ ಪಟಾಕಿ ಮಳಿಗೆ, ನರ್ಸಿಂಗ್ ಹೋಮ್, ಶಾಲೆ ಇವೆ. ಯಾವ ಓಣಿಯಲ್ಲಿ ದೊಡ್ಡ ವಾಹನ ತಿರುಗುವುದಿಲ್ಲ, ಯಾವ ಬಾವಿಯಲ್ಲಿ ಏಪ್ರಿಲ್‌ನಲ್ಲಿಯೂ ನೀರಿರುತ್ತದೆ, ಯಾವ ಗೋದಾಮಿನ ಹಿಂಬಾಗಿಲಿಗೆ ಸದಾ ಬೀಗವಿರುತ್ತದೆ ಎಂಬುದು ಮೂವತ್ತು ವರ್ಷ ಈ ಊರುಗಳಲ್ಲಿ ಬೆಂಕಿ ಆರಿಸಿದವನಿಗೆ ಬಾಯಿಪಾಠ. ಅವನು ನಿವೃತ್ತನಾದ ದಿನ ಆ ಜ್ಞಾನವೂ ಮನೆಗೆ ಹೋಗುತ್ತದೆ. ಅವನನ್ನು ಐದು ವರ್ಷ ಮೊದಲೇ ಕೊಳವೆಯಿಂದ ಬಿಡಿಸಿ ನಮ್ಮ ಮಳಿಗೆಗಳಿಗೆ ಕಳುಹಿಸಿದರೆ ಬೆಂಕಿ ಬೀಳುವ ಮುನ್ನವೇ ಆ ಜ್ಞಾನ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ನಮ್ಮ ಬಾಂಧವರ ಹಣೆಯಲ್ಲಿ ಗೆರೆ ಮೂಡುವುದು ನಮಗೆ ಕಾಣುತ್ತಿದೆ. ತಪಾಸಣೆ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಅನೇಕರ ಕೈ ತಾನಾಗಿಯೇ ಜೇಬಿನತ್ತ ಹೋಗುತ್ತದೆ. ತೂಕ ಮತ್ತು ಅಳತೆ, ಭವಿಷ್ಯನಿಧಿ, ಕಾರ್ಮಿಕ ಇಲಾಖೆ, ತೆರಿಗೆ. ಇಷ್ಟು ಸಾಲದೆಂದು ಇನ್ನೊಬ್ಬ ಇನ್‌ಸ್ಪೆಕ್ಟರ್ ಬೇಕೇ ಎಂಬ ಪ್ರಶ್ನೆ ನ್ಯಾಯವಾದುದು. ಆ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದ್ದರಿಂದಲೇ ಈ ತಪಾಸಣೆ ಸಲಹಾ ರೂಪದ್ದಾಗಿರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಮೊದಲ ಭೇಟಿಯಲ್ಲಿ ದಂಡವಿರಬಾರದು, ಪರವಾನಗಿಯ ಮಾತಿರಬಾರದು. ಕಂಡ ದೋಷಗಳನ್ನು ಬರೆದು ಒಂದು ಪ್ರತಿ ಮಾಲೀಕನಿಗೆ, ಒಂದು ಪ್ರತಿ ಠಾಣೆಗೆ ಕೊಡಬೇಕು. ಸರಿಪಡಿಸಲು ಕಾಲಾವಕಾಶವಿರಬೇಕು. ತನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಗೌರವದಿಂದ ಉಳಿಸಿಕೊಳ್ಳಲ್ಪಟ್ಟ ನೌಕರ ಸಲಹೆಗಾರನಾಗಿಯೇ ಬರುವ ಸಂಭವ ಹೆಚ್ಚು ಎಂಬುದು ನಮ್ಮ ನಂಬಿಕೆ. ನಂಬಿಕೆ ಸುಳ್ಳಾದರೆ ದೂರು ಕೊಡಲು ಸಂಸ್ಥೆ ಇದ್ದೇ ಇದೆ.

ವಿಮೆಯ ದೃಷ್ಟಿಯಿಂದಲೂ ಈ ಲಿಖಿತ ವರದಿಗೆ ಬೆಲೆಯಿದೆ. ಅಗ್ನಿ ವಿಮೆಯ ಪಾಲಿಸಿಗಳಲ್ಲಿ ಸರಕು ತನ್ನ ಕಾವಿನಿಂದ ತಾನೇ ಹೊತ್ತಿಕೊಂಡು ಆದ ಹಾನಿಯನ್ನು, ಪ್ರತ್ಯೇಕವಾಗಿ ಸೇರಿಸಿಕೊಳ್ಳದ ಹೊರತು, ಸಾಮಾನ್ಯವಾಗಿ ಕೈಬಿಟ್ಟಿರುತ್ತಾರೆ. ಒತ್ತಾಗಿ ಒಟ್ಟಿದ ಅರಳೆ, ಹಿಂಡಿ, ಹಸಿ ಉಳಿದ ಮೆಣಸಿನಕಾಯಿ ದಾಸ್ತಾನು ಮಾಡುವವರು ಇದನ್ನು ಪಾಲಿಸಿಯಲ್ಲಿ ಒಮ್ಮೆ ಓದಿ ನೋಡಿಕೊಳ್ಳುವುದು ಕ್ಷೇಮ. ಪರಿಹಾರದ ತಕರಾರು ಬಂದಾಗ ಬೆಂಕಿಗೆ ಮುನ್ನವೇ ಬರೆದ ತಪಾಸಣಾ ವರದಿಗಿಂತ ಬಲವಾದ ಕಾಗದ ಮಾಲೀಕನ ಬಳಿ ಬೇರೊಂದಿರಲಾರದು.

ಖರ್ಚಿನ ಮಾತು ಉಳಿಯಿತು. ಒಂದು ಠಾಣೆಗೆ ಇಂತಹ ಐದು ಹೆಚ್ಚುವರಿ ಹುದ್ದೆ ಎಂದಿಟ್ಟುಕೊಳ್ಳೋಣ. ತಲಾ ತಿಂಗಳಿಗೆ 60,000 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 36 ಲಕ್ಷ. ಈಗ ಒಂದು ಗೋದಾಮಿನಲ್ಲಿ ತಲಾ 40 ಕಿಲೋದ 10,000 ಚೀಲ ಮೆಣಸಿನಕಾಯಿ ಇದೆಯೆಂದು ಭಾವಿಸಿ, ಕ್ವಿಂಟಲಿಗೆ 15,000 ರೂಪಾಯಿ ದರ ಕಟ್ಟಿದರೆ ಅದರ ಮೌಲ್ಯ ಆರು ಕೋಟಿ. ಅಂತಹ ಒಂದು ದಾಸ್ತಾನು ಉಳಿದರೆ ಒಂದು ಠಾಣೆಯ ಹದಿನಾರು ವರ್ಷದ ಖರ್ಚು ಉಳಿದಂತೆ. ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನ ಆಧಾರದ ಮೇಲೆ ಕೇಂದ್ರ ಸರ್ಕಾರ 2023ರಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಒಳ್ಳೆಯದೇ. ಆದರೆ ಆಧುನೀಕರಣವೆಂದರೆ ನಮ್ಮ ಕಚೇರಿಗಳಿಗೆ ಮೊದಲು ನೆನಪಾಗುವುದು ವಾಹನ ಮತ್ತು ಯಂತ್ರ. ಅವುಗಳಿಗೆ ಉದ್ಘಾಟನೆಯಿದೆ, ರಿಬ್ಬನ್ ಇದೆ. ಐವತ್ತು ದಾಟಿದವನ ಶ್ವಾಸಕೋಶದ ಪರೀಕ್ಷೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಇದನ್ನು ಅಗ್ನಿಶಾಮಕರಿಗೆ ಕೊಟ್ಟರೆ ನಾಳೆ ವಿದ್ಯುತ್ ಕಂಬ ಹತ್ತುವ ಲೈನ್‌ಮನ್, ಸಾರಿಗೆ ಸಂಸ್ಥೆಯ ಚಾಲಕ, ಪೊಲೀಸ್ ಪೇದೆ ಎಲ್ಲರೂ ಕೇಳುತ್ತಾರೆ ಎಂಬ ಆಕ್ಷೇಪ ವಿಧಾನಸೌಧದಿಂದ ಖಂಡಿತ ಬರುತ್ತದೆ. ಕೇಳಲಿ. ಲೈನ್‌ಮನ್‌ನ ವಾದ ನಮಗೆ ದುರ್ಬಲವೆಂದು ತೋರುವುದಿಲ್ಲ. ಆದರೆ ಎಲ್ಲಿಂದಲಾದರೂ ಆರಂಭಿಸಬೇಕಲ್ಲ. ಸಿಬ್ಬಂದಿಯ ಸಂಖ್ಯೆ ಚಿಕ್ಕದಾಗಿರುವ ಇಲಾಖೆಯಿಂದ ಆರಂಭಿಸುವುದು ಬೊಕ್ಕಸಕ್ಕೂ ಹಗುರ.

ನಮ್ಮ ಸಂಸ್ಥೆಯ ಪಾಲಿನ ಕೆಲಸವೂ ಇದೆ. ಪ್ರತಿವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸಲಾಗುತ್ತದೆ. 1944ರ ಅದೇ ದಿನ ಮುಂಬಯಿ ಬಂದರಿನಲ್ಲಿ ಸ್ಫೋಟಕಗಳನ್ನು ಹೊತ್ತ ಹಡಗೊಂದಕ್ಕೆ ಬೆಂಕಿ ಬಿದ್ದು, ಅದನ್ನು ಆರಿಸಲು ಹೋದ 66 ಅಗ್ನಿಶಾಮಕರು ಮಡಿದರು. ಸ್ಫೋಟಕಗಳ ಜೊತೆಗೆ ಆ ಹಡಗಿನಲ್ಲಿ ಹತ್ತಿಯ ಬೇಲುಗಳಿದ್ದವು ಎಂಬುದನ್ನು ರಾಣೆಬೆನ್ನೂರಿನ ಅರಳೆ ವರ್ತಕರು ಗಮನಿಸಬೇಕು. ಆ ದಿನ ಠಾಣೆಗೆ ಹೋಗಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಛಾಯಾಚಿತ್ರ ತೆಗೆಸಿಕೊಳ್ಳುವುದು ಎಲ್ಲೆಡೆಯ ಪದ್ಧತಿ. ಶಾಲು ಇರಲಿ. ಅದರ ಜೊತೆಗೆ ಮೂರೂ ಊರುಗಳ ವರ್ತಕ ಸಂಘಗಳು ಒಟ್ಟಾಗಿ ಸಹಿ ಮಾಡಿದ ಮನವಿಯೊಂದು ಜಿಲ್ಲಾಧಿಕಾರಿಗಳ ಮೂಲಕ ಗೃಹ ಇಲಾಖೆಗೆ ಹೋಗಬೇಕು. ಜಿಲ್ಲೆಯ ಶಾಸಕರಿಗೂ ಸಂಸದರಿಗೂ ಪ್ರತಿ ಸಲ್ಲಬೇಕು. ವಾರ್ಷಿಕ ತಪಾಸಣೆ, 55ರ ನಂತರ ಅದೇ ದರ್ಜೆಯಲ್ಲಿ ಪರ್ಯಾಯ ಕೆಲಸ, ತೆರವಾದ ಸ್ಥಾನಕ್ಕೆ ನೇಮಕ, ಇವಿಷ್ಟನ್ನು ಸ್ಪಷ್ಟ ಶಬ್ದಗಳಲ್ಲಿ ಅದರಲ್ಲಿ ಕೇಳಬೇಕು. ಅದಕ್ಕೆ ಪ್ರತಿಯಾಗಿ ನಮ್ಮ ಸದಸ್ಯರು ತಮ್ಮ ಗೋದಾಮುಗಳನ್ನು ಸಲಹಾ ತಪಾಸಣೆಗೆ ತೆರೆದಿಡುವ ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ಬರೆದುಕೊಡಬೇಕು. ಕೇವಲ ಬೇಡಿಕೆಯ ಪತ್ರಗಳು ಸರ್ಕಾರದ ಬಳಿ ಬೇಕಾದಷ್ಟಿವೆ.

ಆದೇಶ ಹೊರಡುವವರೆಗೆ ಕಾಯಬೇಕಾಗಿಯೂ ಇಲ್ಲ. ಬ್ಯಾಡಗಿಗೆ ಹೊಸ ಮೆಣಸಿನಕಾಯಿಯ ಆವಕ ಏರುವ ಮುನ್ನ, ಡಿಸೆಂಬರ್ ಒಳಗೆ, ಠಾಣಾಧಿಕಾರಿಗಳ ಅನುಮತಿ ಪಡೆದು ಹಿರಿಯ ಅಗ್ನಿಶಾಮಕರೊಬ್ಬರನ್ನು ಕರೆದೊಯ್ದು ಪ್ರಾಂಗಣದ ಒಂದು ಸಾಲಿನ ಮಳಿಗೆಗಳನ್ನಾದರೂ ತೋರಿಸಬಹುದು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಅಂಗಡಿಯ ಗುಮಾಸ್ತರೊಬ್ಬರು ಜೊತೆಗಿದ್ದರೆ ಸಾಕು. ಆ ಟಿಪ್ಪಣಿಯನ್ನು ಈ ಪತ್ರಿಕೆಯಲ್ಲಿ ಪ್ರಕಟಿಸಲು ಸ್ಥಳ ಕಾಯ್ದಿರಿಸಿದ್ದೇವೆ.